ಕೂಸಿನ ತುರಿಕೆಗೆ ತಾಯಿಯ ತಟ್ಟೆ ಹೊಣೆಯೇ?

ಆಗಸ್ಟ್ ತಿಂಗಳ ಮೊದಲ ವಾರ ಬಂತೆಂದರೆ ಕಲಬುರಗಿಯ ಆಸ್ಪತ್ರೆಗಳಲ್ಲಿ, ಅಂಗನವಾಡಿ ಕೇಂದ್ರಗಳಲ್ಲಿ ಸ್ತನ್ಯಪಾನ ಸಪ್ತಾಹದ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ತಾಯಿಯ ಹಾಲು ಅಮೃತಕ್ಕೆ ಸಮಾನವೆಂದು ಭಾಷಣಕಾರರೆಲ್ಲ ಹೇಳುತ್ತಾರೆ. ಅದು ಹೇಳಲೇಬೇಕಾದ ಮಾತು. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಎದೆಹಾಲು ಕುಡಿದ ಕೂಸಿಗೆ ಅಲರ್ಜಿಯಿಲ್ಲ, ಇಸುಬಿಲ್ಲ, ದಮ್ಮಿಲ್ಲ. ಈ ಎರಡನೆಯ ಮಾತನ್ನು ಇಷ್ಟು ಧಾರಾಳವಾಗಿ ಆಡಬಾರದೆಂಬುದು ನಮ್ಮ ಅಭಿಪ್ರಾಯ. ಅದು ಪೂರ್ತಿ ನಿಜವಲ್ಲ ಎಂಬುದು ಒಂದು ಕಾರಣ. ಆ ಮಾತಿನ ಭಾರವನ್ನು ಕೊನೆಗೆ ಹೊರಬೇಕಾದವಳು ಬಾಣಂತಿ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಎದೆಹಾಲನ್ನಷ್ಟೇ ಕುಡಿಯುತ್ತಿರುವ ಮೂರು ತಿಂಗಳ ಕೂಸಿನ ಕೆನ್ನೆಯ ಮೇಲೆ ಕೆಂಪು ಗುಳ್ಳೆಗಳೇಳುತ್ತವೆ. ಮೊಣಕೈ, ಮೊಣಕಾಲುಗಳಲ್ಲಿ ಚರ್ಮ ಒಣಗಿ ಬಿರಿಯುತ್ತದೆ. ಕೂಸು ರಾತ್ರಿಯೆಲ್ಲ ತುರಿಸಿಕೊಂಡು ಅಳುತ್ತದೆ. ಅಮೃತ ಕುಡಿದ ಮಗುವಿಗೆ ಹೀಗೇಕಾಯಿತು ಎಂಬ ಪ್ರಶ್ನೆ ಮನೆಯಲ್ಲಿ ಏಳುತ್ತದೆ. ಅಮೃತ ಕೆಟ್ಟಿರಬೇಕು, ಕೆಡಿಸಿದವಳು ತಾಯಿಯೇ ಇರಬೇಕು ಎಂಬ ಉತ್ತರ ಆಗಲೇ ಸಿದ್ಧವಾಗಿರುತ್ತದೆ. “ನೀ ಏನು ತಿಂದೀಯವ್ವ, ಕೂಸಿಗಿ ಹಿಂಗ್ ಆಗ್ಯಾದ?” ಎಂಬ ಮಾತನ್ನು ಕೇಳದ ಬಾಣಂತಿ ಕಮಲಾಪುರದ ಸೀಮೆಯಲ್ಲಾಗಲಿ ಕಲಬುರಗಿಯ ಬಡಾವಣೆಗಳಲ್ಲಾಗಲಿ ಸಿಗುವುದು ವಿರಳ. ನಮ್ಮ ಭಾಗದ ಆಡುಮಾತಿನಲ್ಲಿ ತುರಿಕೆಗೆ ‘ತಿಂಡಿ’ ಎಂದೇ ಹೆಸರು. ಮೈ ತುರಿಸಿದರೆ ‘ತಿಂಡಿ ಬಿಟ್ಟಿದೆ’ ಎನ್ನುತ್ತೇವೆ. ತಿನ್ನುವುದಕ್ಕೂ ತುರಿಸುವುದಕ್ಕೂ ಒಂದೇ ಮೂಲದ ಮಾತಿರುವ ನಾಡಿನಲ್ಲಿ ತುರಿಕೆಯ ಮೂಲವನ್ನು ತಟ್ಟೆಯಲ್ಲಿ ಹುಡುಕುವುದು ಸಹಜವೆನ್ನಿಸಿದರೆ ಆಶ್ಚರ್ಯವಿಲ್ಲ.

ಹುಡುಕಾಟ ಆರಂಭವಾದೊಡನೆ ತಟ್ಟೆ ಬರಿದಾಗತೊಡಗುತ್ತದೆ. ಬದನೆಕಾಯಿ ನಂಜು, ಶೇಂಗಾ ಪಿತ್ತ, ಪುಂಡಿಪಲ್ಯ ಹುಳಿ, ಮೊಸರು ಕಫ, ತೊಗರಿಬೇಳೆ ವಾಯು, ಬಾಳೆಹಣ್ಣು ಥಂಡಿ. ಕಮಲಾಪುರದ ಕೆಂಪು ಬಾಳೆ ಜಿಐ ಮಾನ್ಯತೆ ಪಡೆದ ಹಣ್ಣು. ಊರಿಗೆ ಬಂದವರು ಹುಡುಕಿ ಕೊಂಡೊಯ್ಯುತ್ತಾರೆ. ಅದೇ ಊರಿನ ಬಾಣಂತಿಗೆ ಮಾತ್ರ ಅದನ್ನು ಮುಟ್ಟಲು ಬಿಡುವುದಿಲ್ಲ. ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆಯಲ್ಲಿ ಹಾಲೂಡಿಸುವ ತಾಯಿಗೆ ಬೇಳೆಯ ಕಟ್ಟನ್ನೂ ಅಳೆದು ಬಡಿಸುತ್ತಾರೆ. ಕೊನೆಗೆ ಉಳಿಯುವುದು ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು. ಇಷ್ಟಾದ ಮೇಲೂ ಕೂಸಿನ ಗುಳ್ಳೆ ಹೋಗದಿದ್ದರೆ ‘ನಿನ್ನ ಹಾಲೇ ಕೂಸಿಗೆ ಒಗ್ಗುತ್ತಿಲ್ಲ’ ಎಂಬ ತೀರ್ಪು ಬರುತ್ತದೆ. ಅಲ್ಲಿಂದ ಹಾಲಿನ ಪುಡಿಯ ಡಬ್ಬಿಗೆ, ಬಾಟಲಿಗೆ, ಆಡಿನ ಹಾಲಿಗೆ ದಾರಿ ಬಹಳ ಹತ್ತಿರ.

ಹಾಗಾದರೆ ಎದೆಹಾಲಿಗೂ ಅಲರ್ಜಿಗೂ ಇರುವ ನಿಜವಾದ ಸಂಬಂಧವೇನು? ವೈದ್ಯಲೋಕವೇ ಇದನ್ನು ತಿಳಿಯಲು ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ತಡಕಾಡಿದೆ. ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1936ರಲ್ಲಿ ಅಮೆರಿಕದ ಶಿಕಾಗೊ ನಗರದ ಗ್ರೂಲೀ ಮತ್ತು ಸ್ಯಾನ್‌ಫೋರ್ಡ್ ಎಂಬ ವೈದ್ಯರು 20,061 ಶಿಶುಗಳ ವಿವರಗಳನ್ನು ಕಲೆಹಾಕಿ ವರದಿಯೊಂದನ್ನು ಪ್ರಕಟಿಸಿದರು. ಎದೆಹಾಲಿನ ಶಿಶುಗಳಿಗಿಂತ ಆಕಳ ಹಾಲಿನ ಮೇಲೆ ಬೆಳೆದ ಶಿಶುಗಳಲ್ಲಿ ಇಸುಬು ಸುಮಾರು ಏಳು ಪಟ್ಟು ಹೆಚ್ಚಾಗಿ ಕಂಡಿತ್ತು. ಎದೆಹಾಲು ಅಲರ್ಜಿಯನ್ನು ತಡೆಯುತ್ತದೆಂಬ ನಂಬಿಕೆಗೆ ಗಟ್ಟಿಯಾದ ಬುನಾದಿ ಬಿದ್ದದ್ದು ಅಲ್ಲಿ. ಆದರೆ 2002ರಲ್ಲಿ ನ್ಯೂಜಿಲೆಂಡಿನ ಡುನೆಡಿನ್ ನಗರದಿಂದ ಬಂದ ವರದಿ ಇದಕ್ಕೆ ತದ್ವಿರುದ್ಧವಾಗಿತ್ತು. 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಅವರು ದೊಡ್ಡವರಾಗುವವರೆಗೂ ಗಮನಿಸಿದಾಗ, ನಾಲ್ಕು ವಾರ ಅಥವಾ ಹೆಚ್ಚು ಕಾಲ ಎದೆಹಾಲು ಕುಡಿದವರಲ್ಲೇ ಅಲರ್ಜಿ ಹಾಗೂ ದಮ್ಮು ಹೆಚ್ಚಾಗಿ ಕಂಡಿತು. ಸ್ತನ್ಯಪಾನದ ಪರವಾಗಿ ದುಡಿಯುತ್ತಿದ್ದವರಿಗೆ ಇದು ದೊಡ್ಡ ಆಘಾತ. ಇಂಥ ಅಧ್ಯಯನಗಳಲ್ಲಿ ಒಂದು ತೊಡಕಿದೆ. ಮನೆತನದಲ್ಲಿ ದಮ್ಮಿರುವ ತಾಯಂದಿರು, ಮಗುವಿನ ಮೈಮೇಲೆ ಗುಳ್ಳೆ ಕಂಡ ತಾಯಂದಿರು, ಬೇರೆಯವರಿಗಿಂತ ಹೆಚ್ಚು ಕಾಲ ಹಾಲೂಡಿಸುವುದುಂಟು. ಆಗ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬೇರ್ಪಡಿಸುವುದು ಕಠಿಣ.

ಈ ತೊಡಕನ್ನು ಮೀರಲು ನಡೆದದ್ದು ಬೆಲಾರುಸ್ ದೇಶದ ಅಧ್ಯಯನ. 1996-97ರಲ್ಲಿ ಅಲ್ಲಿನ 31 ಹೆರಿಗೆ ಆಸ್ಪತ್ರೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ, ಒಂದು ಗುಂಪಿನ ಆಸ್ಪತ್ರೆಗಳಲ್ಲಿ ಸ್ತನ್ಯಪಾನಕ್ಕೆ ವಿಶೇಷ ಬೆಂಬಲ ನೀಡಲಾಯಿತು. ಇನ್ನೊಂದರಲ್ಲಿ ಎಂದಿನ ಆರೈಕೆ ಮುಂದುವರಿಯಿತು. ಒಟ್ಟು 17,046 ತಾಯಿ-ಮಕ್ಕಳು. ಮೊದಲ ವರ್ಷದಲ್ಲಿ ಇಸುಬು ಕಂಡ ಮಕ್ಕಳು ಎಂದಿನ ಆರೈಕೆಯ ಗುಂಪಿನಲ್ಲಿ ಶೇಕಡಾ 6.3, ಬೆಂಬಲ ಪಡೆದ ಗುಂಪಿನಲ್ಲಿ ಶೇಕಡಾ 3.3. ವಾಂತಿಭೇದಿಯಂಥ ಕರುಳಿನ ಸೋಂಕು ಶೇಕಡಾ 13.2ರಿಂದ 9.1ಕ್ಕೆ ಇಳಿದಿತ್ತು. ಮಕ್ಕಳು ಆರೂವರೆ ವರ್ಷದವರಾದಾಗ ಮತ್ತೆ ನೋಡಿದರೆ, ದಮ್ಮಿನಲ್ಲಾಗಲಿ ಇತರ ಅಲರ್ಜಿಯಲ್ಲಾಗಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಚರ್ಮವನ್ನು ಪರೀಕ್ಷಿಸಿದಾಗ ಇಸುಬು ಮಾತ್ರ ಮತ್ತೆ ಕಡಿಮೆ ಕಂಡಿತು. ದಮ್ಮು ಆಗಲೂ ಸಮಾನವಾಗಿಯೇ ಇತ್ತು.

ನಾವು ಇದನ್ನು ಹೀಗೆ ಅರ್ಥ ಮಾಡಿಕೊಳ್ಳುತ್ತೇವೆ. ಎಳೆಯ ವಯಸ್ಸಿನ ಇಸುಬಿನಿಂದ ಎದೆಹಾಲು ಒಂದಿಷ್ಟು ರಕ್ಷಣೆ ಕೊಡುತ್ತದೆ. ಸೋಂಕಿನಿಂದಾಗುವ ಭೇದಿ ಮತ್ತು ಶ್ವಾಸಕೋಶದ ರೋಗಗಳಿಂದ ಅದು ಕೊಡುವ ರಕ್ಷಣೆಯ ಬಗ್ಗೆ ಸಂಶಯಕ್ಕೆ ಎಡೆಯೇ ಇಲ್ಲ. ಆದರೆ ಅಲರ್ಜಿಯ ವಿರುದ್ಧ ಅದು ತಾಯಿತವಲ್ಲ. ಅಲರ್ಜಿ ಬಹುಮಟ್ಟಿಗೆ ಮನೆತನದಿಂದ ಹರಿದುಬರುವ ಪ್ರವೃತ್ತಿ. ಅದು ತಾಯಿಯ ಕಡೆಯಿಂದ ಎಷ್ಟು ಬರಬಹುದೋ ತಂದೆಯ ಕಡೆಯಿಂದಲೂ ಅಷ್ಟೇ ಬರಬಹುದು. ಈ ಮಾತನ್ನು ಮನೆಯ ಹಿರಿಯರು ಒಮ್ಮೆ ನೆನಪಿಸಿಕೊಂಡರೆ ಒಳಿತು. ಎದೆಹಾಲು ಕುಡಿದ ಮಕ್ಕಳಲ್ಲಿಯೂ ಕೆಲವರಿಗೆ ಇಸುಬು ಬಂದೇ ಬರುತ್ತದೆ. ಬಂದಾಗ ಹಾಲು ಕೆಟ್ಟಿದೆಯೆಂದಾಗಲಿ, ತಾಯಿ ತಪ್ಪು ಮಾಡಿದ್ದಾಳೆಂದಾಗಲಿ ಅರ್ಥವಲ್ಲ. ಅದು ಹಾಲು ನಿಲ್ಲಿಸಲು ಕಾರಣವಂತೂ ಅಲ್ಲವೇ ಅಲ್ಲ.

ತಾಯಿ ಪಥ್ಯ ಮಾಡಿದರೆ ಮಗುವಿಗೆ ಅಲರ್ಜಿ ಬರುವುದು ತಪ್ಪುತ್ತದೆಯೇ? ಇದನ್ನೂ ಪರೀಕ್ಷಿಸಿ ನೋಡಲಾಗಿದೆ. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಹಾಲು, ಮೊಟ್ಟೆ ಮೊದಲಾದವನ್ನು ಬಿಟ್ಟರೆ ಆಗುವ ಫಲವೇನೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಾಮರ್ಶೆ 2012ರಲ್ಲಿ ಪ್ರಕಟವಾಯಿತು. ಅಂಥ ಪಥ್ಯದಿಂದ ಮಗುವಿನ ಅಲರ್ಜಿ ತಪ್ಪುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ. ಗರ್ಭಿಣಿಯ ತೂಕ ಏರುವುದು ಕುಂಠಿತವಾಗಬಹುದೆಂಬ ಎಚ್ಚರಿಕೆ ಮಾತ್ರ ಸಿಕ್ಕಿತು. ಪಾಶ್ಚಾತ್ಯ ವೈದ್ಯರೂ ಈ ಹಾದಿಯಲ್ಲಿ ಎಡವಿ ಎದ್ದವರೇ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು, ಅಲರ್ಜಿಯ ಮನೆತನದ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಶೇಂಗಾ ಕೊಡಬೇಡಿ ಎಂದು ಸಲಹೆ ನೀಡಿತ್ತು. 2008ರಲ್ಲಿ ಅದನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನಿಂದ ಬಂದ ಅಧ್ಯಯನ ಆ ಸಲಹೆಯನ್ನು ತಲೆಕೆಳಗು ಮಾಡಿತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಶಿಶುಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಶೇಂಗಾ ಕೊಟ್ಟು, ಇನ್ನರ್ಧಕ್ಕೆ ಐದು ವರ್ಷದವರೆಗೆ ಕೊಡದೆ ನೋಡಿದರು. ಆರಂಭದ ಚರ್ಮ ಪರೀಕ್ಷೆಯಲ್ಲಿ ಶೇಂಗಾಕ್ಕೆ ಪ್ರತಿಕ್ರಿಯೆ ತೋರದಿದ್ದ ಮಕ್ಕಳಲ್ಲಿ, ಶೇಂಗಾ ಬಿಟ್ಟವರ ಪೈಕಿ ಶೇಕಡಾ 13.7 ಮಕ್ಕಳಿಗೆ ಶೇಂಗಾ ಅಲರ್ಜಿ ಬಂತು. ತಿಂದವರಲ್ಲಿ ಬಂದದ್ದು ಶೇಕಡಾ 1.9ಕ್ಕೆ ಮಾತ್ರ.

ಬಾಯಿಯ ಮೂಲಕ ಹೊಟ್ಟೆಗೆ ಹೋದ ಆಹಾರವನ್ನು ದೇಹ ತನ್ನದೆಂದು ಒಪ್ಪಿಕೊಳ್ಳಲು ಕಲಿಯುತ್ತದೆ. ಬಿರಿದ ಚರ್ಮದ ಮೂಲಕ ಒಳನುಸುಳಿದ ಆಹಾರವನ್ನು ಶತ್ರುವೆಂದು ಗುರುತಿಸುತ್ತದೆ. ಇಂದಿನ ತಜ್ಞರಲ್ಲಿ ಹೆಚ್ಚಿನವರು ಒಪ್ಪುವ ವಿವರಣೆಯಿದು. 2003ರಷ್ಟು ಹಿಂದೆಯೇ ಬ್ರಿಟನ್ನಿನಲ್ಲಿ, ಶಿಶುವಿನ ಗುಳ್ಳೆಗಳಿಗೆ ಶೇಂಗಾ ಎಣ್ಣೆ ಬೆರೆತ ಲೇಪ ಹಚ್ಚಿದ ಮನೆಗಳಲ್ಲಿ ಶೇಂಗಾ ಅಲರ್ಜಿ ಹೆಚ್ಚಾಗಿ ಕಂಡಿತ್ತು. ಈ ದೃಷ್ಟಿಯಿಂದ ನಮ್ಮ ಮನೆಗಳನ್ನು ನೋಡಿದರೆ ವಿಚಿತ್ರವೊಂದು ಕಾಣುತ್ತದೆ. ಕೂಸಿಗೆ ಎರೆಯುವಾಗ ಗುಳ್ಳೆಯೆದ್ದ ಮೈಗೆ ಕಡಲೆಹಿಟ್ಟು, ಹಾಲಿನ ಕೆನೆ ಹಚ್ಚಿ ತಿಕ್ಕುತ್ತೇವೆ; ತಾಯಿಯ ತಟ್ಟೆಯಿಂದ ಮಾತ್ರ ಅದೇ ಕಡಲೆಯನ್ನು, ಅದೇ ಹಾಲನ್ನು ತೆಗೆದುಹಾಕುತ್ತೇವೆ. ಮಾಡಬೇಕಾದದ್ದು ಇದರ ವಿರುದ್ಧ. ಚರ್ಮ ಬಿರಿದ ಕೂಸಿಗೆ ಹಿಟ್ಟು ತಿಕ್ಕುವುದು ಬೇಡ, ಕುದಿಯುವಂಥ ಬಿಸಿನೀರು ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಮೀಯಿಸಿ, ಮೈ ಇನ್ನೂ ಹಸಿಯಾಗಿರುವಾಗಲೇ ವೈದ್ಯರು ಹೇಳಿದ ಸುವಾಸನೆಯಿಲ್ಲದ ಮುಲಾಮನ್ನೋ ಶುದ್ಧ ಕೊಬ್ಬರಿ ಎಣ್ಣೆಯನ್ನೋ ತೆಳುವಾಗಿ ಸವರಿದರೆ ಸಾಕು.

ಹಾಲೂಡಿಸುವ ಮೊದಲ ಆರು ತಿಂಗಳಲ್ಲಿ ತಾಯಿಗೆ ಎಂದಿನ ಊಟಕ್ಕಿಂತ ದಿನಕ್ಕೆ ಸುಮಾರು 600 ಕಿಲೋಕ್ಯಾಲರಿ ಹೆಚ್ಚು ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಅದು ಇನ್ನೊಂದು ಹೊತ್ತಿನ ಊಟಕ್ಕೆ ಸಮ. ನಮ್ಮ ಹಿರಿಯರು ಇದನ್ನು ಅರಿಯದವರೇನಲ್ಲ. ಅಂಟಿನ ಉಂಡೆ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ ಇವೆಲ್ಲ ಬಾಣಂತಿಯನ್ನು ಗಟ್ಟಿಗೊಳಿಸಲೆಂದೇ ಹುಟ್ಟಿದ ಅಡುಗೆಗಳು. ಬಾಣಂತನದ ಆ ಮುಖವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆಕ್ಷೇಪವಿರುವುದು ನಿಷೇಧಗಳ ಪಟ್ಟಿಯ ಬಗ್ಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಇಂಥವರ ತಟ್ಟೆಯಿಂದ ಬೇಳೆ, ಸೊಪ್ಪು, ಹಣ್ಣು ತೆಗೆಯುವುದು ಆರೋಗ್ಯದ ಮಾತಾಗಲಾರದು.

ಈ ಪತ್ರಿಕೆಯ ಓದುಗರ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ನಮ್ಮಲ್ಲಿ ಬಹುತೇಕರು ಸಸ್ಯಾಹಾರಿಗಳು. ಬಿ12 ಎಂಬ ಜೀವಸತ್ವ ಧಾನ್ಯ, ಬೇಳೆ, ಕಾಯಿಪಲ್ಯಗಳಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿಗೆ ಅದರ ಸ್ವಾಭಾವಿಕ ಮೂಲ ಹಾಲು, ಮೊಸರು, ಮಜ್ಜಿಗೆ ಇವು ಮಾತ್ರ. ಮಗುವಿಗೆ ಗುಳ್ಳೆ ಎದ್ದಿತೆಂದು ಸಸ್ಯಾಹಾರಿ ತಾಯಿಗೆ ಹಾಲು-ಮೊಸರು ನಿಲ್ಲಿಸಿದರೆ ಆ ಏಕೈಕ ಬಾಗಿಲನ್ನೂ ಮುಚ್ಚಿದಂತಾಗುತ್ತದೆ. ತಾಯಿಯ ದೇಹದಲ್ಲಿ ಬಿ12 ಇಲ್ಲದಿದ್ದರೆ ಆಕೆಯ ಹಾಲಿನಲ್ಲಿಯೂ ಕಡಿಮೆಯಾಗುತ್ತದೆ. ಇದರಿಂದ ಬಳಲುವ ಶಿಶುಗಳ ಒಂದು ಸ್ಥಿತಿಯನ್ನು ಭಾರತದ ಮಕ್ಕಳ ವೈದ್ಯರು ದಶಕಗಳಿಂದ ಬಲ್ಲರು. ಆರು ತಿಂಗಳಿನಿಂದ ಒಂದೂವರೆ ವರ್ಷದ, ನೋಡಲು ಗುಂಡಗೆ ಇದ್ದರೂ ಮೈ ಬಿಳಿಚಿಕೊಂಡ ಕೂಸು. ತಲೆಗೂದಲು ವಿರಳವಾಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಬೆರಳ ಗೆಣ್ಣುಗಳು ಕಪ್ಪಾಗಿರುತ್ತವೆ. ನಗುತ್ತಿದ್ದ ಕೂಸು ನಗುವುದನ್ನು ಬಿಡುತ್ತದೆ, ಕೂರುತ್ತಿದ್ದ ಕೂಸು ಕೂರುವುದನ್ನು ಮರೆಯುತ್ತದೆ, ಮುಂದೆ ಕೈಕಾಲು ನಡುಗತೊಡಗುತ್ತವೆ. ಸಕಾಲಕ್ಕೆ ಬಿ12 ಕೊಟ್ಟರೆ ಮಗು ಚೇತರಿಸಿಕೊಳ್ಳುತ್ತದೆ. ತಡವಾದರೆ ಬುದ್ಧಿಯ ಬೆಳವಣಿಗೆಯಲ್ಲಿ ಕೊರತೆ ಉಳಿಯಬಹುದು. ತುರಿಕೆಯ ಗುಳ್ಳೆ ಮುಂದೊಂದು ದಿನ ತಾನಾಗಿ ಮಾಯಬಹುದು. ಅದಕ್ಕಾಗಿ ಮಾಡಿದ ಪಥ್ಯದ ಪೆಟ್ಟು ಹಾಗೆ ಮಾಯುವಂಥದಲ್ಲ. ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಗುಳಿಗೆಯಿಂದ ಈ ಕೊರತೆ ತುಂಬುವುದಿಲ್ಲವಾದ್ದರಿಂದ, ಸಸ್ಯಾಹಾರಿ ತಾಯಂದಿರು ಬಿ12ರ ಬಗ್ಗೆ ವೈದ್ಯರನ್ನು ಬೇರೆಯಾಗಿಯೇ ಕೇಳಬೇಕು.

ಹಾಗೆಂದು ತಾಯಿ ತಿಂದದ್ದು ಮಗುವಿಗೆ ಎಂದೂ ಮುಟ್ಟುವುದೇ ಇಲ್ಲ ಎನ್ನಲಾಗದು. ಆಕಳ ಅಥವಾ ಎಮ್ಮೆಯ ಹಾಲಿನ ಪ್ರೋಟೀನ್ ಅತ್ಯಲ್ಪ ಪ್ರಮಾಣದಲ್ಲಿ ಎದೆಹಾಲಿಗೆ ಬರುತ್ತದೆ. ಕೆಲವೇ ಕೆಲವು ಶಿಶುಗಳಿಗೆ ಅಷ್ಟೇ ಸಾಕಾಗಿ ಮಲದಲ್ಲಿ ರಕ್ತದ ಎಳೆಗಳು ಕಾಣಬಹುದು, ಇಸುಬು ಉಲ್ಬಣಿಸಬಹುದು. ಅಂಥ ಸಂಶಯವಿದ್ದಾಗ ಮಕ್ಕಳ ತಜ್ಞರು ತಾಯಿಗೆ ಎರಡರಿಂದ ನಾಲ್ಕು ವಾರ ಹಾಲಿನ ಪದಾರ್ಥಗಳನ್ನು ನಿಲ್ಲಿಸಲು ಹೇಳಿ, ಆ ಅವಧಿಗೆ ಸುಣ್ಣಾಂಶ, ಬಿ12 ಮೊದಲಾದವನ್ನು ಬೇರೆ ರೂಪದಲ್ಲಿ ಕೊಟ್ಟು, ಬಳಿಕ ಹಾಲನ್ನು ಮತ್ತೆ ಆರಂಭಿಸಿ ಗಮನಿಸುತ್ತಾರೆ. ಮತ್ತೆ ಆರಂಭಿಸಿದಾಗ ಲಕ್ಷಣ ಮರುಕಳಿಸಿದರಷ್ಟೇ ರೋಗನಿರ್ಣಯ ಖಚಿತ. ನಮ್ಮ ಮನೆಗಳ ಪಥ್ಯದಲ್ಲಿ ಇಲ್ಲದಿರುವುದು ಈ ಎರಡನೆಯ ಹೆಜ್ಜೆಯೇ. ಬಿಟ್ಟದ್ದು ಬಿಟ್ಟೇ ಹೋಗುತ್ತದೆ. ಈ ಪರೀಕ್ಷೆಯ ಉದ್ದಕ್ಕೂ ಎದೆಹಾಲು ಮುಂದುವರಿಯುತ್ತದೆ ಎಂಬುದನ್ನೂ ಗಮನಿಸಬೇಕು. ಆಡಿನ ಹಾಲು ತಿಳಿ, ಅದರಿಂದ ಅಲರ್ಜಿಯಿಲ್ಲ ಎಂಬ ಮಾತೂ ಸರಿಯಲ್ಲ. ಆಕಳ ಹಾಲು ಒಗ್ಗದ ಮಕ್ಕಳಲ್ಲಿ ಹೆಚ್ಚಿನವರಿಗೆ ಆಡಿನ ಹಾಲೂ ಒಗ್ಗುವುದಿಲ್ಲ, ಏಕೆಂದರೆ ಎರಡರ ಪ್ರೋಟೀನುಗಳೂ ಬಹಳ ಹೋಲುತ್ತವೆ.

ಹುಟ್ಟಿದ ಮೊದಲ ದಿನಗಳ ಬಗ್ಗೆಯೂ ಹೇಳಬೇಕು. ಆಕಳು ಈದರೆ ಗಿಣ್ಣದ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಕಾಸಿ ಓಣಿಗೆಲ್ಲ ಹಂಚುವ ಜನ ನಾವು. ಮನೆಮಗಳು ಹೆತ್ತಾಗ ಅವಳ ಹಳದಿ ಬಣ್ಣದ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಮನೆಗಳು ಇಂದಿಗೂ ಇವೆ. ಆ ಹಳದಿ ಹಾಲಿನಲ್ಲಿ ರೋಗನಿರೋಧಕ ಪ್ರೋಟೀನುಗಳು ದಟ್ಟವಾಗಿರುತ್ತವೆ. ಅವು ಕೂಸಿನ ಕರುಳಿನ ಒಳಗೋಡೆಗೆ ಲೇಪದಂತೆ ಅಂಟಿಕೊಂಡು ಹೊರಗಿನ ವಸ್ತುಗಳು ನುಸುಳದಂತೆ ಕಾಯುತ್ತವೆ. ಎದೆಹಾಲಿನ ಕೆಲವು ಸಕ್ಕರೆಗಳು ಕೂಸಿಗೇ ಜೀರ್ಣವಾಗುವುದಿಲ್ಲ. ಕರುಳಿನಲ್ಲಿ ನೆಲೆಸಬೇಕಾದ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಅವು ಆಹಾರ. ಇಂಥ ಹೊತ್ತಿನಲ್ಲಿ ಕೂಸಿನ ಬಾಯಿಗೆ ಜೇನು, ಸಕ್ಕರೆ ನೀರು, ಹರಳೆಣ್ಣೆ, ಡಬ್ಬಿ ಹಾಲು ಬೀಳುತ್ತವೆ. 2019ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದರಲ್ಲಿ 312 ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿದ್ದರು. ಹುಟ್ಟಿದ ಮೊದಲ ಮೂರು ದಿನವಾದರೂ ಆಕಳ ಹಾಲಿನ ಪುಡಿ ಸೋಂಕದಂತೆ ನೋಡಿಕೊಂಡ ಗುಂಪಿನಲ್ಲಿ ಮುಂದೆ ಹಾಲಿಗೆ ಸಂಬಂಧಿಸಿದ ಅಲರ್ಜಿಯ ಗುರುತುಗಳು ಕಡಿಮೆಯಾಗಿದ್ದವು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯಿಂದ ವರ್ಷದೊಳಗಿನ ಕೂಸಿಗೆ ಪಾರ್ಶ್ವವಾಯುವಿನಂಥ ರೋಗ ಬರಬಹುದಾದ್ದರಿಂದ ಅದು ಬೇಡವೇ ಬೇಡ. ಹುಟ್ಟಿದ ಒಂದು ಗಂಟೆಯೊಳಗೆ, ಶಸ್ತ್ರಚಿಕಿತ್ಸೆಯ ಹೆರಿಗೆಯಾದರೂ ತಾಯಿಗೆ ಎಚ್ಚರವಾದೊಡನೆ, ಕೂಸನ್ನು ಎದೆಗೆ ಹಚ್ಚಬೇಕು. ಜನನದ ಹೊತ್ತಿನ ಸಂಸ್ಕಾರಗಳಲ್ಲಿ ಕೂಸಿನ ಹಣೆಗೆ ವಿಭೂತಿ ಇಡುವುದಕ್ಕೂ ಇದಕ್ಕೂ ಯಾವ ವಿರೋಧವೂ ಇಲ್ಲ. ನಮ್ಮ ಭಾಗದ ರಣಬಿಸಿಲಿನಲ್ಲಿ ಕೂಸಿಗೆ ನೀರು ಬೇಡವೇ ಎಂದು ಕೇಳುವವರಿದ್ದಾರೆ. ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೇಳರಷ್ಟು ನೀರೇ ಇದೆ. ಏಪ್ರಿಲ್-ಮೇ ತಿಂಗಳಲ್ಲಿ ನೀರು ಹೆಚ್ಚು ಕುಡಿಯಬೇಕಾದವಳು ತಾಯಿ. ಆರು ತಿಂಗಳವರೆಗೆ ಕೂಸಿಗೆ ಬೇಕಾದದ್ದು ಇನ್ನೊಂದು ಸಲದ ಹಾಲು.

ತಟ್ಟೆಯ ಮೇಲೆ ನೆಟ್ಟ ದೃಷ್ಟಿಯನ್ನು ಒಮ್ಮೆ ಕೋಣೆಯ ಕಡೆಗೆ ಹೊರಳಿಸಿದರೆ ಬೇರೆ ಅಪರಾಧಿಗಳು ಕಾಣಸಿಗುತ್ತಾರೆ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳನ್ನು ಗಮನಿಸಿ ಬರೆದಂತೆ, 1979ರಲ್ಲಿ ಶೇಕಡಾ 9ರಷ್ಟಿದ್ದ ದಮ್ಮು 1999ರ ಹೊತ್ತಿಗೆ ಶೇಕಡಾ 29.5ಕ್ಕೆ ಏರಿತ್ತು. ಆ ಇಪ್ಪತ್ತು ವರ್ಷಗಳಲ್ಲಿ ತಾಯಂದಿರ ಹಾಲು ಬದಲಾಗಲಿಲ್ಲ, ಬದನೆಕಾಯಿಯೂ ಬದಲಾಗಲಿಲ್ಲ. ಬದಲಾದದ್ದು ನಗರದ ಗಾಳಿ, ವಾಹನಗಳ ಹೊಗೆ, ಬದುಕುವ ರೀತಿ. ನಮ್ಮ ಬಾಣಂತಿ ಕೋಣೆಯ ಗಾಳಿಯನ್ನು ನೋಡಿ: ಕಿಟಕಿಗೆ ಬಟ್ಟೆ ಕಟ್ಟಿದೆ, ಹೊರಸಿನ ಕೆಳಗೆ ಕೆಂಡವಿದೆ, ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಿಡಿಯುತ್ತಾರೆ, ಪಡಸಾಲೆಯಲ್ಲಿ ಯಜಮಾನರು ಬೀಡಿ ಸೇದುತ್ತಾರೆ. ಎಳೆಯ ಶ್ವಾಸನಾಳಕ್ಕೆ ಹೊಗೆಗಿಂತ ದೊಡ್ಡ ವೈರಿಯಿಲ್ಲ. ಮನೆಯಲ್ಲಿ ತಂಬಾಕಿನ ಹೊಗೆ ಇದ್ದರೆ ಮಕ್ಕಳಲ್ಲಿ ಉಬ್ಬಸ ಹೆಚ್ಚುತ್ತದೆಂಬುದು ಎದೆಹಾಲಿನ ಕುರಿತ ಎಲ್ಲ ಚರ್ಚೆಗಳಿಗಿಂತ ಖಚಿತವಾಗಿ ಸಿದ್ಧಪಟ್ಟ ಸಂಗತಿ. ಬಾಣಂತಿಗೆ ಬದನೆಕಾಯಿ ಬೇಡವೆನ್ನುವ ಮನೆಯಲ್ಲಿ ಬೀಡಿ ಬೇಡವೆನ್ನುವ ಧೈರ್ಯ ಯಾರಿಗೂ ಬರುವುದಿಲ್ಲ!

ಸುಗ್ಗಿಯ ಕಾಲದಲ್ಲಿ ತೊಗರಿ ರಾಶಿಯ ಧೂಳು ಕಮಲಾಪುರದ ಹೊಲಗಳಿಂದ ಮನೆಯೊಳಕ್ಕೆ ಬರುತ್ತದೆ; ನಗರದಲ್ಲಿ ದಾಲ್ ಮಿಲ್ಲುಗಳ ಹೊಟ್ಟು ಹಾರುತ್ತದೆ; ಮಳೆಗಾಲ ಮುಗಿಯುವ ಹೊತ್ತಿಗೆ ಖಾಲಿ ನಿವೇಶನಗಳಲ್ಲೆಲ್ಲ ಕಾಂಗ್ರೆಸ್ ಕಸ ಹೂಬಿಡುತ್ತದೆ. ಹೊಲದಿಂದ ಬಂದವರು ಕೈಕಾಲು ತೊಳೆದು, ಬಟ್ಟೆ ಬದಲಿಸಿ ಕೂಸನ್ನು ಎತ್ತಿಕೊಳ್ಳುವುದು ಕಷ್ಟದ ಕೆಲಸವಲ್ಲ. ಕೂಸು ಮಲಗುವ ಕೌದಿಯಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗಳಿರುತ್ತವೆ. ಅದನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಬೇಕು. ಬಿಸಿಲಿಗೇನೂ ನಮ್ಮಲ್ಲಿ ಬರವಿಲ್ಲ.

ಇನ್ನು ಡಬ್ಬಿಯ ವಿಷಯ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಶಿಶು ಆಹಾರ ಮತ್ತು ಬಾಟಲಿಗಳ ಜಾಹೀರಾತು ಮಾಡುವುದನ್ನು, ಉಚಿತ ಮಾದರಿ ಹಂಚುವುದನ್ನು 1992ರ ಕಾಯ್ದೆ ನಿಷೇಧಿಸಿದೆ. 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿದೆ. ಆದರೂ ಅಲರ್ಜಿಯ ಮಗುವಿಗೆ ಇಂಥ ಡಬ್ಬಿಯೇ ಒಳ್ಳೆಯದೆಂಬ ಪಿಸುಮಾತು ಔಷಧಿ ಅಂಗಡಿಗಳಲ್ಲಿ ನಿಂತಿಲ್ಲ. ಪ್ರೋಟೀನನ್ನು ಒಡೆದು ತಯಾರಿಸಿದ ವಿಶೇಷ ಪುಡಿಗಳು ಅಲರ್ಜಿ ಬಾರದಂತೆ ತಡೆಯುತ್ತವೆಂಬ ಪ್ರಚಾರವನ್ನು ಹಲವು ಅಧ್ಯಯನಗಳ ಆಧಾರದಿಂದ ಪರಿಶೀಲಿಸಿ, ಅದಕ್ಕೆ ಸ್ಥಿರವಾದ ಪುರಾವೆಯಿಲ್ಲವೆಂದು 2016ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿದೆ. ಹಾಲಿನ ಅಲರ್ಜಿ ನಿಜವಾಗಿಯೂ ಇದ್ದು, ಎದೆಹಾಲು ಸಿಗದ ಮಗುವಿಗೆ ವೈದ್ಯರು ಬರೆದುಕೊಡುವ ಪುಡಿಯ ಮಾತು ಬೇರೆ. ಅದು ಔಷಧ.

ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೇಲಾಹಾರ ಆರಂಭಿಸುವುದಕ್ಕೆ ಭಯ ಬೇಡ. ಬೇಳೆ ಕಟ್ಟಿನಲ್ಲಿ ಕಿವುಚಿದ ಮೆತ್ತನೆಯ ಅನ್ನ, ಜೋಳದ ಅಂಬಲಿ, ಮೊಸರು, ಕಿವುಚಿದ ಕೆಂಪು ಬಾಳೆ, ನುಣ್ಣಗೆ ಅರೆದು ತೆಳುವಾಗಿಸಿದ ಶೇಂಗಾ ಇವನ್ನೆಲ್ಲ ಒಂದೊಂದಾಗಿ, ಚಿಟಿಕೆಯಿಂದ ಆರಂಭಿಸಿ ಕೊಡಬಹುದು. ಇಡಿಯ ಶೇಂಗಾ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವುದರಿಂದ ಐದು ವರ್ಷದವರೆಗೆ ಅದು ಕೂಡದು. ಈಗಾಗಲೇ ತೀವ್ರ ಇಸುಬು ಇರುವ ಕೂಸಿಗೆ ಶೇಂಗಾ ಕೊಡುವ ಮೊದಲು ಮಕ್ಕಳ ತಜ್ಞರನ್ನು ಕಾಣಬೇಕು. ಏನಾದರೂ ತಿಂದ ಸ್ವಲ್ಪ ಹೊತ್ತಿನಲ್ಲೇ ತುಟಿ, ಕಣ್ಣು ಊದಿಕೊಂಡರೆ, ಮೈತುಂಬ ಗಂಧೆ ಎದ್ದು ಉಸಿರು ಕಟ್ಟಿದರೆ, ಕೂಸು ಸೋತು ಜೋತುಬಿದ್ದರೆ ಮನೆಮದ್ದಿನಲ್ಲಿ ಒಂದು ನಿಮಿಷವನ್ನೂ ಕಳೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಆರು ತಿಂಗಳು ಎದೆಹಾಲನ್ನಷ್ಟೇ ಕೊಡಿ ಎನ್ನುತ್ತೇವೆ. ಕೊಡುವ ಅವಕಾಶ ಯಾರಿಗಿದೆ? ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ 26 ವಾರಗಳ ಸಂಬಳಸಹಿತ ರಜೆ ಬಂತು. ಅದು ಸಿಗುವುದು ಸಂಘಟಿತ ನೌಕರಿಯಲ್ಲಿರುವವರಿಗೆ. ಕಮಲಾಪುರ ತಾಲ್ಲೂಕಿನಲ್ಲಿ ಪರರ ಹೊಲದಲ್ಲಿ ಕಳೆ ಕೀಳುವ, ತೊಗರಿ ಕೊಯ್ಯುವ ತಾಯಿ ಎರಡು-ಮೂರು ತಿಂಗಳಿಗೇ ಕೂಲಿಗೆ ಮರಳುತ್ತಾಳೆ. ಕೂಸು ಅಜ್ಜಿಯ ಮಡಿಲಲ್ಲಿ ಬಾಟಲಿ ಹಿಡಿಯುತ್ತದೆ. ಅವಳಿಗೆ ಉಪದೇಶ ಮಾಡುವ ಹಕ್ಕು ನಮಗೆ ಕಡಿಮೆ. ಉದ್ಯೋಗ ಖಾತ್ರಿಯ ಮಹಿಳೆಯರ ಮಕ್ಕಳಿಗಾಗಿ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ಆರಂಭವಾಗಿವೆ. ನಮ್ಮೂರಿನದು ತೆರೆದಿದೆಯೇ, ಅಲ್ಲಿ ತಾಯಿ ನಡುವೆ ಬಂದು ಹಾಲೂಡಿಸಿ ಹೋಗಲು ಸ್ಥಳವಿದೆಯೇ ಎಂದು ಕೇಳುವುದು ಊರ ಹಿರಿಯರ ಕೆಲಸ. ಕೂಲಿಗೆ ಕರೆಯುವ ಹೊಲದ ಒಡೆಯರೂ ಹಾಲೂಡಿಸುವ ಹೆಂಗಸಿಗೆ ಮನೆಗೆ ಹೋಗಿಬರುವ ಹೊತ್ತಿನ ಕೂಲಿಯನ್ನು ಮುರಿಯಬಾರದು.

ಕಲಬುರಗಿ ದಾಸೋಹಕ್ಕೆ ಹೆಸರಾದ ಊರು. ಶರಣಬಸವೇಶ್ವರರ ಜಾತ್ರೆಗೆ ಬರುವ ಅಸಂಖ್ಯ ಜನರಲ್ಲಿ ಎಷ್ಟೋ ಮಂದಿ ಕಂಕುಳಲ್ಲಿ ಕೂಸಿರುವ ತಾಯಂದಿರು. ಜಾತ್ರೆಗಳಲ್ಲಿ, ಮಠಗಳ ಆವರಣದಲ್ಲಿ ಹಾಲೂಡಿಸಲು ಮರೆಯಿರುವ, ಗಾಳಿಯಾಡುವ, ಕುಡಿಯುವ ನೀರಿರುವ ಒಂದು ಕೋಣೆಯನ್ನು ಭಕ್ತಾದಿಗಳು ಕಾದಿರಿಸಬೇಕೆಂದು ನಾವು ಕೋರುತ್ತೇವೆ. ದಾಸೋಹದ ಪಂಕ್ತಿಯಲ್ಲಿ ಬಾಣಂತಿ ಬಂದು ಕುಳಿತರೆ ನಂಜು-ಥಂಡಿಯ ಲೆಕ್ಕ ಹಾಕದೆ ಬೇಳೆ, ಪಲ್ಯ, ಮಜ್ಜಿಗೆ ಎಲ್ಲವನ್ನೂ ಬಡಿಸಿ, ಎರಡನೆಯ ಸಲ ಕೇಳಿ ಬಡಿಸಬೇಕು. ಅವಳೊಡನೆ ಬಂದ ಅತ್ತೆಯವರು ಬೇಡವೆಂದು ಸನ್ನೆ ಮಾಡಿದರೂ.